ತಾರಾಬಾಯಿಯ ನರಿ

ಧಾರವಾಡದ ಮಾಳಮಡ್ಡಿಯಲ್ಲಿ ರಮಾಕಾಂತ ಮಾಸ್ತರರ ಮನೆ ಎಂದರೆ ಸಂಜೆಯಾದರೆ ತಂಬೂರಿ ಕೇಳಿಸುವ ಮನೆ. ಹೆಂಡತಿಗೆ ಬ್ಯಾಂಕಿನಲ್ಲಿ ನೌಕರಿ, ಅವರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಸಂಗೀತ ಕಲಿಸುತ್ತಿದ್ದರು. ಮಾತು ಕಡಿಮೆ, ಶಿಸ್ತು ಹೆಚ್ಚು. ಮಗಳು ಮೈತ್ರೇಯಿಗೆ ಒಳ್ಳೆಯ ಕಂಠವಿದೆ ಎಂದು ಗೊತ್ತಾದಾಗಿನಿಂದ ಆ ಹುಡುಗಿಯ ಸಂಜೆಗಳೆಲ್ಲ ಅವರ ಪಾಲಾಗಿದ್ದವು.

ಅಂಥ ಮನೆಗೆ ತೊಂಬತ್ತಾರರ ದೀಪಾವಳಿಗೆ ಹುಬ್ಬಳ್ಳಿಯಿಂದ ಬಂದ ರಮಾಕಾಂತರ ತಮ್ಮ ಶ್ರೀರಂಗ ಒಂದು ವಿಡಿಯೋ ಗೇಮ್ ತಂದುಕೊಟ್ಟ. ಟಿವಿಗೆ ಜೋಡಿಸುವ ಕರಿ ಪೆಟ್ಟಿಗೆ, ವೈರಿನ ತುದಿಗೆ ಗುಂಡಿಗಳಿದ್ದ ರಿಮೋಟು, ಒಂದಿಷ್ಟು ಕ್ಯಾಸೆಟ್ಟು. ಅವುಗಳಲ್ಲಿ ಮೈತ್ರೇಯಿಗೆ ಪ್ರಾಣವಾದದ್ದು ನರಿಯ ಆಟ. ಭಾನುವಾರ ಬೆಳಿಗ್ಗೆ ಟಿವಿಯಲ್ಲಿ ಬರುತ್ತಿದ್ದ ಹಳೇ ಕಾರ್ಟೂನಿನ ಮೇಲೆ ಮಾಡಿದ ಆಟ ಅದು. ಹೆಗಲಿಗೆ ಚೀಲ ಹಾಕಿದ ಅಂಚೆಯ ನರಿ ಹೊಳೆ, ಬೆಟ್ಟ, ಸುರಂಗ ದಾಟಿ ಟಪಾಲು ಮುಟ್ಟಿಸಬೇಕು. ಮೇಲಿನಿಂದ ಕೊಕ್ಕರೆಯೊಂದು ಎರಗಿ ಚೀಲ ಕಸಿಯುತ್ತದೆ.

ರಮಾಕಾಂತರು ಅದನ್ನು ಕಣ್ಣೆತ್ತಿ ನೋಡಲಿಲ್ಲ. ಅವರು ಮನೆಗೆ ಬರುವ ಹೊತ್ತಿಗೆ ಪೆಟ್ಟಿಗೆ ಟಿವಿಯ ಕೆಳಗೆ ಹೋಗಿರುತ್ತಿತ್ತು. ಊಟದ ಹೊತ್ತಿನಲ್ಲಿ ರಮಾಕಾಂತರ ತಾಯಿ ತಾರಾಬಾಯಿಯ ಕಿವಿಯಲ್ಲಿ ಮೈತ್ರೇಯಿ, "ಇವತ್ತ ಹೊಳಿ ದಾಟೇತಿಲ್ಲೋ ಅಜ್ಜಿ?" ಎಂದು ಕೇಳುವುದು, ಮುದುಕಿ ನಗುವುದು ಅವರ ಕಿವಿಗೂ ಬೀಳುತ್ತಿತ್ತು. ಅದು ಅಜ್ಜಿ-ಮೊಮ್ಮಗಳ ಏನೋ ಹುಡುಗಾಟ ಎಂದುಕೊಂಡಿದ್ದರು.

ಮರುವರ್ಷ ಸಂಗೀತ ಪರೀಕ್ಷೆಯಲ್ಲಿ ಮೈತ್ರೇಯಿ ಫೇಲಾದಳು. ಮಾಸ್ತರರ ಮಗಳೇ ಫೇಲು ಎಂದು ಶಾಲೆಯಲ್ಲಿ ಮಾತಾಯಿತು. ಮರುದಿನ ಬೆಳಿಗ್ಗೆ ಹಾಲು ಹಾಕಲು ಸುಳ್ಳ ಗ್ರಾಮದಿಂದ ಬಂದ ಸಿದ್ದಪ್ಪನ ಕೈಗೆ ರಮಾಕಾಂತರು ಆಟದ ಪೆಟ್ಟಿಗೆ, ಕ್ಯಾಸೆಟ್ಟು ಎಲ್ಲ ಕಟ್ಟಿಕೊಟ್ಟು, "ನಿನ್ನ ಮಕ್ಕಳಿಗೆ ಒಯ್ಯಪಾ" ಎಂದರು. ಮೈತ್ರೇಯಿ ಏನೋ ಹೇಳಹೋದಳು. ತಾರಾಬಾಯಿ ಅವಳ ರಟ್ಟೆ ಹಿಡಿದು ತಡೆದು, "ಹೋಗ್ಲಿ ಬಿಡು, ಹುಡುಗೂರ ಕೈ ಸೇರಿತಲ್ಲ, ಛಲೋ ಆತು" ಎಂದು ಒಳಗೆ ಹೋದರು.

ಅಲ್ಲಿಂದ ಮುಂದೆ ತಾರಾಬಾಯಿ ಇಳಿದುಹೋದರು. ಊಟ ಅರ್ಧಕ್ಕೆ ಬಂತು. ಸಂಧಿವಾತದ ಬೆರಳು ಮತ್ತಷ್ಟು ಸೆಟೆದುಕೊಂಡು ಸೀರೆಯ ನಿರಿಗೆ ಹಿಡಿಯುವುದೂ ಕಷ್ಟವಾಯಿತು. ಡಾಕ್ಟರು ವಯಸ್ಸು ಎಂದರು. ಮಳೆಗಾಲದ ಒಂದು ದಿನ ಶಾಲೆಗೆ ರಜೆಯಿತ್ತು. ಭಾಂಡೆ ತಿಕ್ಕಲು ಬಂದ ಹನುಮವ್ವನನ್ನು ರಮಾಕಾಂತರು ಕೇಳಿದರು, "ಅವ್ವ ಯಾಕ ಇಷ್ಟು ಮೆತ್ತಗಾಗ್ಯಾಳ, ನಿನಗೇನರ ಹೇಳ್ಯಾಳೇನು?"

"ಏನ್ ಹೇಳ್ತಾರ್ರೀ ಪಾಪ. ಮೊದಲ ನಾ ಬರೂದ್ರಾಗ ಟಿವಿ ಮುಂದ ಕುಂತು ಆ ನರಿ ಓಡಸ್ತಿದ್ರು. ನನ್ನೂ ಬಾಜೂಕ ಕುಂದ್ರಿಸ್ಕೊಂಡು, ಕೊಕ್ಕರಿ ಬಂದ್ರ ಹೇಳು ಅಂತಿದ್ರು. ನೀವು ಅದನ್ನ ಕೊಟ್ಟ ಮ್ಯಾಲ ಗ್ವಾಡಿ ಕಡೆ ಮಖ ಮಾಡಿ ಮಲಗತಾರ್ರಿ."

ರಮಾಕಾಂತರು ಮಗಳನ್ನು ಹಿತ್ತಲಿಗೆ ಕರೆದರು.

"ಅಜ್ಜಿ ಆಡತಿದ್ಲೇನು?"

"ದಿನಾ ಮಧ್ಯಾಹ್ನ. ನೀವು ಸಾಲಿಗೆ, ಅಮ್ಮ ಬ್ಯಾಂಕಿಗೆ ಹೋದ ಮ್ಯಾಲ. ನಾ ಹೊಳಿ ತನಕ ಅಷ್ಟ ಹೋಗತಿದ್ದೆ. ಅಜ್ಜಿ ಸುರಂಗಾನೂ ದಾಟಿದ್ಲು."

"ಆವತ್ತ ಯಾಕ ಹೇಳಲಿಲ್ಲ?"

"ಬ್ಯಾಡ ಅಂದ್ಲು. ಮುದುಕಿ ಹಿಂಗ ಆಡತಾಳ ಅಂತ ಗೊತ್ತಾದ್ರ ನಿಮಗ ನಾಚಿಕಿ ಆಗತದಂತ."

"ಮತ್ತ ನೀ ಪರೀಕ್ಷಾದಾಗ ಯಾಕ ಫೇಲಾದಿ?"

ಮೈತ್ರೇಯಿ ತಲೆ ತಗ್ಗಿಸಿದಳು. "ನನಗ ಹಾಡೂದು ಸೇರೂದಿಲ್ಲಪ್ಪಾ."

ರಮಾಕಾಂತರು ಮರುದಿನ ಹಾಲಿನ ಹೊತ್ತಿಗೆ ಬಾಗಿಲಲ್ಲೇ ನಿಂತು ಸಿದ್ದಪ್ಪನನ್ನು ಕಾದು, ಪೆಟ್ಟಿಗೆ ವಾಪಸ್ ಕೇಳಿದರು. ಅವನು ನೊಂದುಕೊಂಡ. "ಕರೆಂಟ್ ಜಾಸ್ತಿ ಬಂದು ಪೆಟಗಿ ಸುಟ್ಟಹೋತ್ರಿ ಮಾಸ್ತರ್ರ. ಕ್ಯಾಸೆಟ್ ಹುಡುಗೂರು ಎಲ್ಲಿ ಒಗದ್ವೋ ಗೊತ್ತಿಲ್ರಿ." ಭಾನುವಾರ ರಮಾಕಾಂತರು ಹುಬ್ಬಳ್ಳಿಗೆ ಹೋಗಿ, ಕೊಪ್ಪಿಕರ ರಸ್ತೆಯ ಆಚೀಚೆ ಅಂಗಡಿಯಿಂದ ಅಂಗಡಿಗೆ ಅಲೆದು, ಚೀಲ ಹಾಕಿದ ನರಿ, ಕೊಕ್ಕರೆ ಎಂದು ಕೈಯಲ್ಲಿ ಅಭಿನಯಿಸಿ ಕೇಳಿದರು. ಅದು ಬರುವುದು ನಿಂತಿದೆ ಎಂದರು ಅಂಗಡಿಯವರು. ಕೊನೆಗೆ ಹೊಸ ಪೆಟ್ಟಿಗೆಯೊಂದನ್ನು, ಅಂಗಡಿಯವನು ಆರಿಸಿಕೊಟ್ಟ ಬೇರೆ ಆಟಗಳನ್ನು ಹೊತ್ತು ಬಂದರು.

ತಾವೇ ಟಿವಿಗೆ ಜೋಡಿಸಿ, ತಾಯಿಯನ್ನು ಮುಂದೆ ಕೂರಿಸಿ ರಿಮೋಟು ಕೊಟ್ಟರು. "ನೀ ಆಡತಿದ್ದಿ ಅಂತ ನನಗ ಗೊತ್ತಿರಲಿಲ್ಲವ್ವಾ."

"ನಿನಗ ಹೆಂಗ ಗೊತ್ತಾಗಬೇಕಪಾ" ಎಂದರು ತಾರಾಬಾಯಿ. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಪರದೆಯ ಮೇಲೆ ಕಾರುಗಳು ಓಡಿದವು. ಗುಂಡಿಯ ಮೇಲೆ ಹೆಬ್ಬೆರಳು ಬಾಗಲೇ ಇಲ್ಲ. ಮಗನಿಗೆ ಬೇಸರವಾಗದಿರಲೆಂದು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಆಮೇಲೆ ರಿಮೋಟನ್ನು ಮೈತ್ರೇಯಿಗೆ ಕೊಟ್ಟರು. "ನೀ ಆಡವಾ. ನಾ ನೋಡತೇನಿ."

ಮೈತ್ರೇಯಿಗೆ ಹಾಡು ಎಂದು ರಮಾಕಾಂತರು ಮತ್ತೆ ಹೇಳಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಸೈಕಲ್ ಹತ್ತಿ ಮನೆಗೆ ಬಂದು ತಾಯಿಯ ಹತ್ತಿರ ಕೂರುವ ರೂಢಿ ಮಾಡಿಕೊಂಡರು. ಆದರೆ ಕೂತು ಮಾತಾಡುವ ಅಭ್ಯಾಸ ಇಬ್ಬರಿಗೂ ಇರಲಿಲ್ಲ. "ಚಹಾ ಮಾಡ್ಲಿ?" ಎಂದು ರಮಾಕಾಂತರು ಕೇಳುವರು, "ಬ್ಯಾಡಪಾ" ಎಂದು ತಾಯಿ ಹೇಳುವರು. ಅಷ್ಟರಲ್ಲಿ ಶಾಲೆಗೆ ಹೊರಡುವ ಹೊತ್ತಾಗುತ್ತಿತ್ತು.

ಎರಡು ಸಾವಿರದ ಒಂದರ ಚಳಿಗಾಲದಲ್ಲಿ ತಾರಾಬಾಯಿ ತೀರಿಕೊಂಡರು. ಮಾತನಾಡಿಸಲು ಬಂದ ನೆಂಟರಲ್ಲಿ ಒಬ್ಬರು, ಅವ್ವನಿಗೆ ಏನು ಭಾಳ ಸೇರುತ್ತಿತ್ತು ಎಂದು ಕೇಳಿದರು. ರಮಾಕಾಂತರು ಮಗಳ ಕಡೆ ನೋಡಿದರು. ಮೈತ್ರೇಯಿ ಹೇಳತೊಡಗಿದಳು. ಅಜ್ಜಿ ಆಟದ ಗುಂಗಿನಲ್ಲಿ ಅನ್ನ ಸೀಯಿಸಿದ್ದು, ಸೋತಾಗ ಟಿವಿಗೇ ಬೈಯುತ್ತಿದ್ದುದು, ಗೆದ್ದ ದಿನ ಹನುಮವ್ವನಿಗೆ ಬೆಲ್ಲ ಹಂಚಿದ್ದು. ಬಂದವರು ಅಳುವಿನ ನಡುವೆಯೂ ನಕ್ಕರು. ರಮಾಕಾಂತರು ಅವರ ಸಾಲಿನಲ್ಲೇ ಕುಳಿತು, ಪರಿಚಯವಿಲ್ಲದ ಯಾರೋ ಹೆಣ್ಣುಮಗಳ ಸುದ್ದಿಯಂತೆ ಅದನ್ನೆಲ್ಲ ಕೇಳಿಸಿಕೊಂಡರು.