ಚೀಲ ಬೀಳಿಸುವ ಕೆಲಸ

ನನ್ನ ಮೊಮ್ಮಗಳಿಗೆ ದುಬೈಯಲ್ಲಿ ಸಿಕ್ಕಿದ ಮೊದಲ ಕೆಲಸ ಚೀಲ ಬೀಳಿಸುವುದು. ಹಾಲಿನ ಹುಡಿ, ಮೈದಾ, ಜೋಳದ ಹಿಟ್ಟು ತುಂಬುವ ಕಾಗದದ ಚೀಲಗಳನ್ನು ಎತ್ತರದಿಂದ ಬೀಳಿಸಬೇಕು, ಒಡೆಯುತ್ತದೋ ಇಲ್ಲವೋ ನೋಡಬೇಕು, ನೋಡಿದ್ದನ್ನು ಬರೆದು ಕೆಳಗೆ ಸಹಿ ಹಾಕಬೇಕು. ಅದಕ್ಕೇ ಸಂಬಳ. ಕೇಳಿ ನಗುವವರು ನಗಲಿ. ನಾನು ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವನು, ಅವಳ ಡಿಗ್ರಿಯ ಹೆಸರು ಹೇಳಲು ನನ್ನ ನಾಲಿಗೆ ಹೊರಳುವುದಿಲ್ಲ. ಆದರೆ ಅವಳ ಕೆಲಸ ಏನೆಂದು ನನ್ನಷ್ಟು ಖುಷಿಯಿಂದ ಹೇಳುವವರು ಯಾರಾದರೂ ಇದ್ದರೆ ಬರಲಿ, ನೋಡೋಣ.

ನಗುವವರು ಎಂದದ್ದು ಸುಮ್ಮನೆ ಅಲ್ಲ. ಈ ಸಲ ವಿಸಿಟ್ ವೀಸಾದಲ್ಲಿ ಮಗನ ಮನೆಗೆ ಬಂದ ಹೊಸತರಲ್ಲಿ ಅಬುಧಾಬಿಯ ಖಾಲಿದಿಯಾದಲ್ಲಿ ನಮ್ಮ ಕಡೆಯವರ ಮನೆಯೊಂದರಲ್ಲಿ ಮಗುವಿಗೆ ಹೆಸರಿಡುವ ಕಾರ್ಯಕ್ರಮ ಇತ್ತು. ಊಟವಾದ ಮೇಲೆ ನಮ್ಮಂಥ ಮುದುಕರೆಲ್ಲ ಸೋಫಾದಲ್ಲಿ ಸಾಲಾಗಿ ಕೂತು ಫೋನ್ ತೆಗೆದರು. ಒಬ್ಬರ ಮೊಮ್ಮಗಳ ಭರತನಾಟ್ಯ. ಇನ್ನೊಬ್ಬರ ಮೊಮ್ಮಗನ ಕೀಬೋರ್ಡ್. ಮತ್ತೊಬ್ಬರ ಮೊಮ್ಮಗ ಈಜುವ ಸ್ಪರ್ಧೆಯಲ್ಲಿ ಕಪ್ ಹಿಡಿದು ನಿಂತದ್ದು. ಎಲ್ಲವನ್ನೂ ನೋಡಿ, ಎಲ್ಲದಕ್ಕೂ ಭೇಷ್ ಅಂದು, ನಾನೂ ನನ್ನ ಫೋನ್ ತೆಗೆದೆ.

ಒಂದು ಕಬ್ಬಿಣದ ಹಲಗೆ. ಅದರ ಮೇಲೆ ಹೊಟ್ಟೆ ತುಂಬಿಸಿಕೊಂಡು ಮಲಗಿದ ಕಾಗದದ ಚೀಲ. ಪಕ್ಕದಲ್ಲಿ ಬಿಳಿ ಕೋಟು ಹಾಕಿ, ಕೂದಲಿಗೆ ಬಲೆ ಕಟ್ಟಿಕೊಂಡು ನಿಂತ ನನ್ನ ಮೊಮ್ಮಗಳು. ಅವಳು ಒಂದು ಗುಂಡಿ ಒತ್ತುತ್ತಾಳೆ. ಹಲಗೆ ಬಾಗಿಲಿನ ಹಾಗೆ ಎರಡು ಬದಿಗೆ ತೆರೆದುಕೊಳ್ಳುತ್ತದೆ, ಚೀಲ ಧೊಪ್ಪೆಂದು ನೆಲಕ್ಕೆ ಬೀಳುತ್ತದೆ. ಒಡೆಯುವುದಿಲ್ಲ. ಇನ್ನೂ ಮೇಲಿನಿಂದ ಬೀಳಿಸುತ್ತಾಳೆ. ಆಗಲೂ ಇಲ್ಲ. ಕಡೆಗೊಮ್ಮೆ ತಳದ ಮಡಿಕೆ ಬಾಯಿಬಿಟ್ಟು ಬಿಳಿ ಹುಡಿ ಹೊಗೆಯ ಹಾಗೆ ಏಳುತ್ತದೆ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿ, ಬರೆದುಕೊಳ್ಳುತ್ತಾಳೆ. ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ಕಲಿಸಲು ಮಾಡಿದ ವಿಡಿಯೋ ಅದು, ಯಾರಿಗೆ ಬೇಕಾದರೂ ತೋರಿಸಿ ಎಂದು ಅವಳೇ ಕಳಿಸಿದ್ದು.

"ಇದೆಂತದು ಮಾರಾಯ್ರೆ?" ಎಂದರು ಭರತನಾಟ್ಯದ ಅಜ್ಜ.

"ನನ್ನ ಮೊಮ್ಮಗಳು. ನಿಲ್ಲಿ, ಈಗ ಮಗ್ಗುಲಿಗೆ ಬೀಳಿಸ್ತಾಳೆ, ಅದು ನೋಡ್ಬೇಕು."

"ಇದಕ್ಕೆ ಅಷ್ಟೆಲ್ಲ ಓದ್ಲಿಕ್ಕೆ ಉಂಟಾ? ನಮ್ಮನೆ ಕೆಲಸದವಳು ದಿನಾ ಬೀಳಿಸ್ತಾಳೆ."

ಸೋಫಾ ಪೂರ್ತಿ ನಕ್ಕಿತು. ನಾನೂ ನಕ್ಕೆ. "ಬೀಳಿಸಿದ್ದು ನಾನೇ ಅಂತ ಬರ್ದು ಸಹಿ ಹಾಕ್ತಾಳಾ ಕೇಳಿ," ಎಂದೆ.

ಆಚೆ ಬದಿಯಿಂದ ಮಗ ನನ್ನನ್ನು ಕಣ್ಣಲ್ಲೇ ಗದರಿಸಿದ. ವಾಪಸು ಬರುವಾಗ ಕಾರಿನಲ್ಲಿ ಬಾಯಿಬಿಟ್ಟ. "ಕ್ವಾಲಿಟಿ ಕಂಟ್ರೋಲ್ ಅಂತ ಹೇಳಿದ್ರೆ ಸಾಕಿತ್ತಲ್ಲ ಅಪ್ಪ."

"ಹಾಗೆ ಹೇಳಿದ್ರೆ ಯಾರಿಗೆ ಅರ್ಥ ಆಗ್ತದೆ? ಬೀಳಿಸ್ತಾಳೆ ಅಂದ್ರೆ ಎಲ್ಲರಿಗೂ ಗೊತ್ತಾಗ್ತದೆ."

ಹಿಂದಿನ ಸೀಟಿನಲ್ಲಿ ನನ್ನ ಹೆಗಲಿಗೆ ತಲೆ ಆನಿಸಿದ್ದ ಮೊಮ್ಮಗಳು, "ಅಜ್ಜ ಈಸ್ ರೈಟ್, ಪಪ್ಪಾ," ಎಂದಳು.

ಮಗನ ಮುಜುಗರಕ್ಕೆ ಕಾರಣ ಉಂಟು, ಅದನ್ನು ನಾನು ಮುಚ್ಚಿಡುವುದಿಲ್ಲ. ಇದೇ ದುಬೈಯಲ್ಲಿ ನಾನು ಲೋಡಿಂಗ್ ಕೆಲಸದವನಾಗಿದ್ದೆ. ಮುಹೈಸ್ನಾದ ಲೇಬರ್ ಕ್ಯಾಂಪಿನಲ್ಲಿ ಮಂಚದ ಮೇಲೊಂದು ಮಂಚ, ಬೆಳಿಗ್ಗೆ ಬಸ್ಸು ಬಂದು ಕರೆದುಕೊಂಡು ಹೋದರೆ ಹಾಲಿನ ಹುಡಿಯ ಗೋದಾಮು. ಲಾರಿಯಿಂದ ಹೆಗಲಿಗೆ, ಹೆಗಲಿನಿಂದ ಅಟ್ಟಿಗೆ. ಗೋಣಿ ಹೊತ್ತು ಬೆಳೆದ ನನಗೆ ಕಾಗದದ ಚೀಲ ಹೊಸದು. ನಾನು ಇಳಿಸಿದ ಚೀಲ ಒಂದೆರಡು ಸಲ ಒಡೆಯಿತು. ಫೋರ್‌ಮನ್ ನನಗೆ ಹಿಂದಿಯಲ್ಲಿ "ಫಟಾ ಹಾಥ್" ಎಂದು ಹೆಸರಿಟ್ಟ. ನಮ್ಮವರು ಬಿಡುತ್ತಾರೆಯೇ, ಅದನ್ನು "ಹರ್ಕು ಕೈ" ಮಾಡಿದರು. ನಾನು ರಜೆಯಲ್ಲಿ ಮನೆ ಮುಟ್ಟುವ ಮೊದಲೇ ಹೆಸರು ಮುಟ್ಟಿತ್ತು. ಮಗ ಶಾಲೆಯಲ್ಲಿ ಹರ್ಕು ಕೈಯವನ ಮಗನಾದ. ಮದುವೆ ಮನೆಗಳಲ್ಲಿ ಅಕ್ಕಿಮೂಟೆ ಇಳಿಸುವಾಗ, "ನೀವೊಬ್ರು ಮುಟ್ಬೇಡಿ ಮಾರಾಯ್ರೆ," ಎಂದು ನನ್ನನ್ನು ಬದಿಗೆ ಕೂರಿಸುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ವಿಷಯ ಎಂದರೆ ನಾನೂ ಅದನ್ನು ನಂಬಿದ್ದೆ. ಬೇರೆಯವರ ಹಾಗೆ ನನಗೆ ಕೈ ಹದ ಇಲ್ಲ ಎಂದುಕೊಂಡೇ ಮುದುಕನಾದೆ.

ಸೆಖೆ ಏರಿದ ತಿಂಗಳಲ್ಲಿ ಒಂದು ಸಂಜೆ ಮೊಮ್ಮಗಳು ಫ್ಯಾಕ್ಟರಿಯಿಂದ ಬಂದವಳು ಬ್ಯಾಗು ಕೂಡ ಕೆಳಗಿಡದೆ ಕುರ್ಚಿಯಲ್ಲಿ ಕೂತಳು. ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ಮನೆಯಲ್ಲಿ ಹಾಲ್ ಎಂದರೆ ಊಟದ ಮೇಜು ಮತ್ತು ನನ್ನ ಹಾಸಿಗೆ, ಅಷ್ಟೆ. ಆದ್ದರಿಂದ ಯಾರ ಮುಖ ಹೇಗಿದೆ ಎನ್ನುವುದು ನನಗೆ ಮೊದಲು ಗೊತ್ತಾಗುತ್ತದೆ.

ಅವಳ ಕಂಪೆನಿ ಚೀಲ ಮಾಡಿ ಹಾಲಿನ ಹುಡಿಯ ಕಂಪೆನಿಯೊಂದಕ್ಕೆ ಕೊಡುತ್ತದೆ. ಅವರು ಹುಡಿ ತುಂಬಿ ಕಳಿಸಿದ ಲೋಡು ಗೋದಾಮಿನಲ್ಲಿ ಇಳಿಸುವಾಗ ಚೀಲ ಮೇಲೆ ಚೀಲ ಒಡೆದು ನೆಲವೆಲ್ಲ ಬಿಳಿಯಾಗಿತ್ತಂತೆ. ಇವಳ ಮ್ಯಾನೇಜರ್ ಹೇಳಿದ್ದು ಇಷ್ಟು: ಚೀಲ ಸರಿಯಾಗಿದೆ, ಲೋಡಿಂಗಿನವರು ಒರಟಾಗಿ ಎಸೆದಿದ್ದಾರೆ ಎಂದು ಬರೆದು ಸಹಿ ಹಾಕು. ಅವಳು ಸಹಿ ಹಾಕಿದರೆ ಆ ಲೋಡಿಂಗಿನ ಗುಂಪನ್ನು ಕಂಟ್ರಾಕ್ಟರು ಟಿಕೆಟ್ ಕೊಟ್ಟು ಊರಿಗೆ ಕಳಿಸುವುದು ಖಂಡಿತ. ಮುಹೈಸ್ನಾದಲ್ಲಿರುವವರು. ನಾನು ಮಲಗಿದ್ದಂಥ ಮಂಚಗಳಲ್ಲಿ ಮಲಗುವವರು.

ಕೇಳಿದ ಕೂಡಲೇ ನಾನು ಹೇಳಿದ್ದೇನು? "ಎಸೆದಿರ್ಲಿಕ್ಕೂ ಸಾಕು ಮಗಾ. ಕೈ ಹದ ಇಲ್ಲದವರು ಇರ್ತಾರೆ. ನನ್ನನ್ನೇ ನೋಡು."

ಅವಳು ನನ್ನನ್ನು ನೋಡಿದಳು. ಬ್ಯಾಗಿನಿಂದ ಎರಡು ಕಾಗದದ ಪಟ್ಟಿ ತೆಗೆದಳು. ಎರಡೂ ಕಂದು, ಎರಡೂ ಒಂದೇ ಅಗಲ. ಒಂದನ್ನು ನನ್ನ ಕೈಯಲ್ಲಿಟ್ಟು, "ಎಳೀರಿ ಅಜ್ಜ," ಎಂದಳು. "ನಿಮ್ದು ಹರ್ಕು ಕೈ ಅಲ್ವಾ? ಹರೀರಿ."

ಎರಡು ತುದಿ ಹಿಡಿದು ಎಳೆದೆ. ಬರಲಿಲ್ಲ. ಬೆರಳಿಗೆ ಸುತ್ತಿಕೊಂಡು, ಹಲ್ಲು ಕಚ್ಚಿ ಎಳೆದೆ. ಕಾಗದ ಒಂದು ಕೂದಲಿನಷ್ಟು ಹಿಗ್ಗಿದ ಹಾಗಾಯಿತೇ ಹೊರತು ಹರಿಯಲಿಲ್ಲ. ಸೊಸೆ ಒಲೆ ಬಿಟ್ಟು ನೋಡಲು ಬಂದಳು. ಮೊಮ್ಮಗಳು ಇನ್ನೊಂದು ಪಟ್ಟಿ ಕೊಟ್ಟಳು. ಅದನ್ನು ಹಿಡಿದದ್ದಷ್ಟೇ ನೆನಪು. ಹಪ್ಪಳ ಮುರಿದ ಹಾಗೆ ಎರಡಾಯಿತು.

"ಮೊದಲ್ನೇದು ನಾವು ಹಿಂದೆ ತರ್ತಿದ್ದ ಕಾಗದ. ಇದು ಈಗ ತರುವ ಚೀಪ್ ಕಾಗದ," ಎಂದಳು. "ನಾರು ಗಿಡ್ಡ. ಕಾಗದಕ್ಕೂ ಸ್ವಲ್ಪ ಪಸೆ ಬೇಕು ಅಜ್ಜ. ಹುಡಿಯವರ ಶೀಟಿನ ಶೆಡ್ಡಿನಲ್ಲಿ ಬಿಸಿಲಿಗೆ ಪಸೆ ಎಲ್ಲ ಹೋಗಿ ಹೀಗಾಗ್ತದೆ. ಒಳ್ಳೆ ಕಾಗದ ಅದನ್ನೂ ತಡೀತದೆ. ಇದು ತಡಿಯುದಿಲ್ಲ. ಆ ಶೆಡ್ಡಿನಿಂದಲೇ ಚೀಲ ತರಿಸಿ ಬೀಳಿಸಿದ್ದೇನೆ. ಮಂಡಿ ಎತ್ತರದಿಂದ ಬಿದ್ರೂ ಒಡೀತದೆ. ಹೂವಿನ ಹಾಗೆ ಇಳಿಸಿದ್ರೂ ಒಡೀತಿತ್ತು."

ನನ್ನ ಕೈಯಲ್ಲಿ ಎರಡು ತುಂಡು ಇತ್ತು. "ಹಾಗಾದ್ರೆ ನನ್ನ ಕಾಲದ ಚೀಲವೂ ಹೀಗೇ ಇದ್ದದ್ದಾ?"

ಬೇರೆ ಯಾವ ಮೊಮ್ಮಗಳಾದರೂ ಹೌದು ಅಜ್ಜ ಎನ್ನುತ್ತಿದ್ದಳು. ನನ್ನವಳು ಹೇಳಲಿಲ್ಲ. "ಗೊತ್ತಿಲ್ಲ ಅಜ್ಜ. ಆ ಚೀಲ ನಾನು ಬೀಳಿಸ್ಲಿಲ್ಲ. ನೋಡದ್ದನ್ನು ಹೇಗೆ ಹೇಳುದು?" ಹರಿಯದ ಪಟ್ಟಿಯನ್ನು ಬ್ಯಾಗಿಗೆ ಹಾಕುತ್ತಾ ಮತ್ತೆ ಅವಳೇ ಹೇಳಿದಳು, "ಆದ್ರೆ ನಿಮ್ಮ ಕೈದೇ ತಪ್ಪು ಅಂತ ಹೇಳಿದವರೂ ಬೀಳಿಸಿ ನೋಡಿದವರಲ್ಲ."

ಅಷ್ಟು ಸಾಕಾಯಿತು ನನಗೆ. ಇಷ್ಟು ವರ್ಷ ಹೊತ್ತ ಹೆಸರನ್ನು ಆ ಊಟದ ಮೇಜಿನ ಮೇಲೇ ಇಳಿಸಿಬಿಟ್ಟೆ. ಅದು ಒಡೆದರೆ ಒಡೆಯಲಿ.

ಮಗ ಬಂದ ಮೇಲೆ ಜಗಳ. ಅವನು ಕೆಟ್ಟವನಲ್ಲ, ಹೆದರಿದವನು. ಇವಳ ವೀಸಾ ಆ ಕಂಪೆನಿಯದು. ಇಲ್ಲಿ ಕೆಲಸ ಹೋದರೆ ಇನ್ನೊಂದು ಸಿಗುವವರೆಗೆ ನಿದ್ದೆ ಇಲ್ಲ ಎನ್ನುವುದು ಅವನಿಗೆ ಗೊತ್ತು.

"ಒಂದು ಸಹಿ. ಹಾಕು, ಖಲಾಸ್," ಎಂದ ಮಗಳಿಗೆ. "ದಿನಾ ಎಷ್ಟು ಕಾಗದಕ್ಕೆ ಹಾಕ್ತೀ."

"ನೋ ಪಪ್ಪಾ. ನೋಡಿದ್ದಕ್ಕೆ ಮಾತ್ರ ಹಾಕುದು."

"ಆ ಲೋಡಿಂಗಿನವರು ನಮಗೆ ಯಾರು?"

"ನಿನ್ನ ಅಪ್ಪ," ಎಂದೆ ನಾನು.

ಅವನು ತಟ್ಟೆ ನೂಕಿ ಎದ್ದ. "ನೀವು ನಾಳೆ ನಾಡಿದ್ದು ಊರಿಗೆ ಹೋಗ್ತೀರಿ ಅಪ್ಪ. ಇಲ್ಲಿ ಇರ್ಬೇಕಾದ್ದು ಅವಳು. ಸುಮ್ಮನೆ ಕೀ ಕೊಡ್ಬೇಡಿ."

"ಕೀ ಕೊಡ್ಲಿಕ್ಕೆ ಅವಳೇನು ಗಡಿಯಾರವಾ? ನಾನು ಹೇಳಿದ್ದು ಎಸೆದಿರ್ಬೇಕು ಅಂತ. ಇಲ್ಲ ಅಂದದ್ದು ಅವಳು. ಗೆದ್ದದ್ದೂ ಅವಳು. ಈಗ ನಾನು ಅವಳ ಪಾರ್ಟಿ."

ಮರುದಿನ ಅವಳು ಹೋದ ಮೇಲೆ ನನಗೆ ಒಳಗೆ ಕೂರಲಾಗಲಿಲ್ಲ. ಬಾಲ್ಕನಿಯಲ್ಲಿ ನಿಂತೆ. ಕೆಳಗೆ ನೀರಿನ ಕ್ಯಾನ್ ಇಳಿಸುವವರು ಬಂದಿದ್ದರು. ಒಬ್ಬನ ಕೈಯಿಂದ ಕ್ಯಾನ್ ಜಾರಿತು, ಜೊತೆಯವನು ಬೈದ. ಮೊದಲಾದರೆ ನಾನೂ ಆ ಬೈಗುಳದ ಪಕ್ಷವೇ. ಅಂದು ಮೇಲಿನಿಂದಲೇ, "ಕ್ಯಾನಿನ ಹಿಡಿಕೆ ನೋಡು ಮೊದಲು, ಹಿಡಿಕೆ," ಎಂದು ಕೂಗಿದೆ. ಇಬ್ಬರೂ ತಲೆ ಎತ್ತಿ, ಯಾವ ಭಾಷೆ ಎಂದು ತಿಳಿಯದೆ ಕೈ ಬೀಸಿದರು.

ಮೊಮ್ಮಗಳು ಬರುವಾಗ ಮಗ ಆಗಲೇ ಬಂದು ಕೂತಿದ್ದ. ಅವಳ ಕೈಯಲ್ಲಿ ಮಡಚಿದ ಬಿಳಿ ಕೋಟು ಇತ್ತು. ಮಗ ಅದನ್ನು ನೋಡಿ ಕಣ್ಣು ಮುಚ್ಚಿದ.

"ತೆಗೆದ್ರಾ?"

"ಕೆಲಸದಿಂದ ಇಲ್ಲ. ಬೀಳಿಸುವ ಲ್ಯಾಬಿನಿಂದ," ಎಂದಳು. "ಚೀಲ ಇಡುವ ಸ್ಟೋರಿಗೆ ಹಾಕಿದ್ರು." ಆಮೇಲೆ ನಡೆದದ್ದನ್ನು ಹೇಳಿದಳು. ಹಾಲಿನ ಹುಡಿಯವರು ಲ್ಯಾಬಿನವರ ಸಹಿ ಇಲ್ಲದ ರಿಪೋರ್ಟು ಮುಟ್ಟುವುದಿಲ್ಲ ಎಂದು ಪಟ್ಟು ಹಿಡಿದಿದ್ದರು. ಇವಳು ನೋಡಿದ್ದು ಬಿಟ್ಟು ಬೇರೆಯದಕ್ಕೆ ಸಹಿ ಹಾಕುವುದಿಲ್ಲ ಎಂದು ಪಟ್ಟು. ನಡುವೆ ಸಿಕ್ಕಿದ ಮ್ಯಾನೇಜರ್ ಮಧ್ಯಾಹ್ನದವರೆಗೆ ಕೂಗಾಡಿ, ಕೊನೆಗೆ ಅವಳು ಬರೆದದ್ದನ್ನೇ ಕಳಿಸಬೇಕಾಯಿತು. ಹಾಲಿನ ಹುಡಿಯವರು ಉಳಿದ ಚೀಲಗಳನ್ನೆಲ್ಲ ವಾಪಸು ಕಳಿಸಿ, ಹಳೆಯ ಕಾಗದದ್ದೇ ಬೇಕು ಎಂದರಂತೆ. ಲೋಡಿಂಗಿನವರ ಮೇಲಿನ ಮಾತು ಅಲ್ಲಿಗೇ ಬಿತ್ತು. ಒಬ್ಬನೂ ಊರಿಗೆ ಹೋಗಬೇಕಾಗಿಲ್ಲ.

"ಈಗ ಖುಷಿಯಾ ಅಪ್ಪ?" ಎಂದ ಮಗ.

"ಖುಷಿ," ಎಂದೆ. ಚಪ್ಪಲಿ ಹಾಕಿಕೊಂಡು ಕೆಳಗಿನ ಅಂಗಡಿಯಿಂದ ದೊಡ್ಡ ಡಬ್ಬಿ ಲಾಡು ತಂದೆ. ಲಿಫ್ಟಿನಲ್ಲಿ ಪಕ್ಕದ ಮನೆಯ ನರ್ಸಮ್ಮ ಡ್ಯೂಟಿ ಮುಗಿಸಿ ಬರುತ್ತಿದ್ದರು, ಮಂಗಳೂರಿನ ಕೊಂಕಣಿಯವರು. ಅವರಿಂದಲೇ ಶುರು ಮಾಡಿದೆ.

"ಎಂತ ಅಂಕಲ್, ಮೊಮ್ಮಗಳಿಗೆ ಮದುವೆ ನಿಶ್ಚಯವಾ?"

"ಅಲ್ಲ. ಲ್ಯಾಬಿನಿಂದ ತೆಗೆದು ಸ್ಟೋರಿಗೆ ಹಾಕಿದ್ರು."

ಲಾಡು ಅರ್ಧ ದಾರಿಯಲ್ಲಿ ನಿಂತಿತು. "ಅಯ್ಯೋ ದೇವಾ."

"ಅಯ್ಯೋ ಎಂತಕ್ಕೆ? ಸುಳ್ಳಿಗೆ ಸಹಿ ಹಾಕ್ಲಿಲ್ಲ ಅವಳು. ಇನ್ನೊಂದು ತಗೊಳ್ಳಿ."

ನಾಲ್ಕೂ ಮಹಡಿ ಹಂಚಿದೆ. ಖಾಲಿದಿಯಾದವರಿಗೂ ಫೋನ್ ಮಾಡಿ ಹೇಳಿದೆ, ಲಾಡು ಕೊಡಲಿಕ್ಕಾಗಲಿಲ್ಲ ಎನ್ನುವುದೊಂದೇ ಬೇಸರ. ಅಜ್ಜನಿಗೆ ತಲೆ ಕೆಟ್ಟಿದೆ ಎಂದು ಅಂದುಕೊಂಡವರು ಅಂದುಕೊಳ್ಳಲಿ. ಕಪ್ ಗೆದ್ದ ಮೊಮ್ಮಕ್ಕಳಿಗೆ ಚಪ್ಪಾಳೆ ತಟ್ಟಿದ ಕೈ ಇದು, ನನ್ನವಳಿಗೂ ತಟ್ಟುತ್ತೇನೆ.

ಸ್ಟೋರಿನ ಮೊದಲ ದಿನ ಅವಳು ಬೆವರಿ ಧೂಳು ಹಿಡಿದು ಬಂದಳು. ಮಗ ಅವಳಿಗೆ ನೀರು ತಂದಿಟ್ಟು, ಅಲ್ಲೇ ನಿಂತ.

"ಅಲ್ಲಿ ಚೀಲದ ಕಟ್ಟೆಲ್ಲ ಬಿಸಿಲು ಹೊಡೆಯುವ ಗೋಡೆಗೆ ತಾಗಿಸಿ ಇಟ್ಟಿದ್ರು," ಎಂದಳು. "ಎಲ್ಲ ಈಚೆ ತೆಗೆಸಿದೆ."

"ಯಾರೂ ಎಂತ ಹೇಳ್ಲಿಲ್ವಾ?" ಎಂದು ಮಗ ಕೇಳಿದ.

"ಮ್ಯಾನೇಜರ್ ಬಂದು, ಯಾರು ಹೇಳಿದ್ದು ತೆಗೀಲಿಕ್ಕೆ ಅಂತ ಕೇಳಿದ್ರು."

"ನೀನೆಂತ ಹೇಳಿದೆ?"

"ನಾನೇ ಅಂದೆ," ಎಂದಳು. "ಬೇಕಾದ್ರೆ ಬರ್ದು ಕೊಡ್ತೇನೆ ಸರ್ ಅಂತ ಹೇಳಿದೆ. ಬೇಡ ಬೇಡ ಅಂತ ಹೊರಟೇ ಹೋದ್ರು."