ತೆಂಗಿನ ನೀರು ಕುಡಿದ ರಾಕೆಟ್

"ಬ್ಯಾಡ್ರಿ ಸರ್, ಮದ್ದು ತೋಯ್ತೈತ್ರಿ!" ಎಂದು ನಾನು ಕೂಗುವಷ್ಟರಲ್ಲಿ ಮುಖ್ಯ ಅತಿಥಿಗಳು ಆಗತಾನೇ ಒಡೆದ ತೆಂಗಿನಕಾಯಿಯ ನೀರನ್ನು ನನ್ನ ರಾಕೆಟ್ಟಿನ ಬುಡಕ್ಕೇ ಸುರಿದಾಗಿತ್ತು.

ಎಂಬತ್ತರ ದಶಕ. ಹುನಗುಂದದ ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ. ಸೋದರಮಾವ ಮುಂಬೈಯಿಂದ ತಂದುಕೊಟ್ಟ ಆಟದ ರಾಕೆಟ್ಟಿನ ಕಿಟ್ಟಿನಲ್ಲಿದ್ದ ರಟ್ಟಿನ ಕೊಳವೆಗೆ ರೆಕ್ಕೆ ಅಂಟಿಸಿ, ಬಣ್ಣ ಬಳಿದು ನಾನೇ ಕಟ್ಟಿದ ರಾಕೆಟ್ ಅದು. ಅತಿಥಿಗಳು ಅದಕ್ಕೆ ವಿಭೂತಿ ಹಚ್ಚಿದರು, ಚೆಂಡುಹೂವಿನ ಹಾರ ಹಾಕಿದರು. ಹಾರಿಸುವ ಗುಂಡಿಯನ್ನೂ ನನಗೆ ಬಿಡದೆ ತಾವೇ ಒತ್ತಿದರು. ಒಂದು ಕಿಡಿಯೂ ಹೊತ್ತಲಿಲ್ಲ. ಆಗ ಆ ಮಹಾಶಯರು ಮೈಕಿನಲ್ಲಿ, "ಹೆಣ್ಣ ಹುಡುಗಿ ಮಾಡಿದ್ದು, ಹೆಂಗ ಹಾರೀತು ಬಿಡ್ರಿ!" ಎಂದರು. ಮೈದಾನವೆಲ್ಲ ನಕ್ಕಿತು. ನೀರು ಸುರಿದದ್ದನ್ನು ಕಣ್ಣಾರೆ ಕಂಡಿದ್ದ ನಮ್ಮ ವಿಜ್ಞಾನದ ಮಾಸ್ತರರೂ ನಕ್ಕರು!

ಮರುದಿನ ಬೆಳಿಗ್ಗೆ, ಕಿಟ್ಟಿನಲ್ಲಿ ಉಳಿದಿದ್ದ ಇನ್ನೊಂದು ಮದ್ದಿನ ಕೊಳವೆ ಹಾಕಿ, ಊರ ಹೊರಗಿನ ಬಯಲಲ್ಲಿ ನಾನೇ ಗುಂಡಿ ಒತ್ತಿದೆ. ರಾಕೆಟ್ ಸುಂಯ್ ಎಂದು ಏರಿ ಆಕಾಶದಲ್ಲಿ ಚುಕ್ಕಿಯಾಯಿತು. ನೋಡಿದವಳು ಅವ್ವ ಒಬ್ಬಳೇ.

ಇಂದಿಗೂ ಊರಿಗೆ ಹೋದರೆ ಯಾರಾದರೊಬ್ಬರು ನಗುತ್ತಾ ಕೇಳುತ್ತಾರೆ: "ಆವತ್ತ ರಾಕೆಟ್ ಹಾರಲಿಲ್ಲಲ್ಲ, ಆ ಹುಡುಗಿ ನೀನ ಅಲ್ಲೇನವಾ?"