ಗರಿಕೆ ಮುಗಿಯುವ ತನಕ

ಗರಿಕೆಯ ಹೆಸರೆತ್ತಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಗಣಪತಿಗೆ ಪ್ರಿಯವಂತೆ, ಇರಲಿ ಬಿಡಿ. ಅವನೇನು ಹೂವಿನ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ಅದನ್ನು ಕಿತ್ತವನಲ್ಲ. ನಾನು ಕಿತ್ತಿದ್ದೇನೆ. ಮದುವೆಯಾದ ಮೊದಲನೆಯ ಮಳೆಗಾಲವನ್ನೆಲ್ಲ ಅದಕ್ಕೇ ಕೊಟ್ಟಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ನಾನು ಸೊರಬದ ಕಡೆಯ ಹುಡುಗಿ. ಆನವಟ್ಟಿಯಲ್ಲಿ ಬಸ್ಸಿಳಿದು ಗಾಡಿದಾರಿ ಹಿಡಿದು ಹಳ್ಳ ದಾಟಿದರೆ ನಮ್ಮೂರು. ನನ್ನನ್ನು ಕೊಟ್ಟದ್ದು ಶಿಕಾರಿಪುರದ ಪಕ್ಕದ ಹಳ್ಳಿಗೆ. ಅದೂ ಒಂದು ದೂರವೇ ಎಂದು ಮೊಮ್ಮಕ್ಕಳು ನಗುತ್ತಾರೆ. ಮನಸ್ಸು ಬಂದಾಗ ಎದ್ದು ಹೋಗುವವರಿಗೆ ದೂರವಲ್ಲ. ಕಳಿಸಿದರೆ ಮಾತ್ರ ಹೋಗಬೇಕಾದವಳಿಗೆ ಪಕ್ಕದ ಮನೆಯೂ ದೂರವೇ. ನಮ್ಮ ಯಜಮಾನರು ಕುರಿಗಳ ಹಿಂದೆ ಹೊರಟರೆ ವಾರಗಟ್ಟಲೆ ಮನೆಗೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿಯುತ್ತಿದ್ದುದು ನಾನು, ಅತ್ತೆ, ಅತ್ತೆಯ ಸೇವಂತಿಗೆ.

ಹಿತ್ತಲಲ್ಲಿ ಬಾವಿಯ ಆಚೆಗೆ ಉದ್ದುದ್ದ ಪಾತಿಗಳು. ದೀಪಾವಳಿಗೆ ಊರಿನ ಅರ್ಧದಷ್ಟು ಮನೆಯವರು ಹೂವಿಗೆ ನಮ್ಮ ಬಾಗಿಲಿಗೇ ಬರಬೇಕು. ಆ ದಿನ ಅತ್ತೆಯ ಗತ್ತು ನೋಡಬೇಕಿತ್ತು. ಬುಟ್ಟಿ ಹಿಡಿದು ನಿಂತವರಿಗೆಲ್ಲ ಅವರೇ ದೇವರು. ನಾನು ಬಂದ ವರ್ಷ ಮಳೆ ಬೇಗ ಹಿಡಿಯಿತು. ಕೆರೆ ಕಡೆಯ ಹುಲ್ಲುಗಾವಲಿನಿಂದ ಗರಿಕೆ ಬೇಲಿಯ ಅಡಿಗೆ ನುಸುಳಿ ಪಾತಿಗೆ ಬಂತು. ಮೊದಲು ಅಂಚಿನಲ್ಲಿ ನಾಲ್ಕು ಎಳೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಸೇವಂತಿಗೆ ಯಾವುದು, ಹುಲ್ಲು ಯಾವುದು ಎಂದು ಬಗ್ಗಿ ನೋಡಬೇಕಾಯಿತು.

ಶ್ರಾವಣ ಹತ್ತಿರ ಬರುತ್ತಿತ್ತು. ಪಂಚಮಿಗೆ ತವರಿಗೆ ಕಳಿಸುತ್ತೀರಾ ಎಂದು ಕೇಳಲು ನಾಲಿಗೆಯ ತುದಿಗೆ ಬಂದ ಮಾತನ್ನು ಎಷ್ಟು ಸಲ ನುಂಗಿದೆನೋ. ಅತ್ತೆಗೆ ಅದು ಗೊತ್ತಾಗದೆ ಇರುತ್ತದೆಯೇ? ಒಂದು ಬೆಳಿಗ್ಗೆ ರೊಟ್ಟಿ ತಟ್ಟುತ್ತ ತಾವೇ ಹೇಳಿಬಿಟ್ಟರು.

“ಪಾತ್ಯಾಗಿನ ಗರಿಕೆ ಎಲ್ಲಾ ತೆಗ್ದು ಹೋಗು. ನಾನೇನು ಬ್ಯಾಡ ಅನ್ನಲ್ಲ.”

ಇಷ್ಟೇ ತಾನೇ ಎಂದುಕೊಂಡೆ. ನನಗೆ ಆಗ ಹದಿನೇಳೋ ಹದಿನೆಂಟೋ. ಜಗತ್ತಿನಲ್ಲಿ ಮುಗಿಯದ ಕೆಲಸ ಇರುತ್ತದೆ ಎಂದು ಗೊತ್ತಿರಲಿಲ್ಲ. ಕಳೆಗುದ್ದಲಿ ಹಿಡಿದು ಕೂತೆ. ಕಿತ್ತಷ್ಟೂ ಹೊತ್ತು ತವರೇ ಕಣ್ಣ ಮುಂದೆ. ಮಾವಿನ ಕೊಂಬೆಗೆ ಅಣ್ಣ ಹಗ್ಗ ಬಿಗಿದಿರುತ್ತಾನೆ. ಅವ್ವ ಎಳ್ಳುಂಡೆ ಕಟ್ಟಿ ಡಬ್ಬಿಯಲ್ಲಿ ತುಂಬಿ, ಯಾರೂ ಮುಟ್ಟದ ಹಾಗೆ ಮೇಲೆ ಇಟ್ಟಿರುತ್ತಾಳೆ. ನನ್ನ ಜೊತೆಯ ಹುಡುಗಿಯರು ಅವರವರ ಗಂಡನ ಮನೆಯಿಂದ ಬಂದಿರುತ್ತಾರೆ. ಜೋಕಾಲಿ ಹತ್ತಿ ಜಡೆ ಹಾಕದ ಕೂದಲು ಹಾರಾಡಿಸುವ ಆ ಒಂದು ದಿನಕ್ಕಾಗಿ ನಾನು ಆ ಹುಲ್ಲಿನ ಜೊತೆ ಜಗಳಕ್ಕೆ ಬಿದ್ದೆ.

ಆದರೆ ಒಂದು ತಪ್ಪು ಮಾಡಿದೆ. ನಮ್ಮ ತವರಲ್ಲಿ ಗರಿಕೆಯನ್ನು ಕಾಲಲ್ಲಿ ತುಳಿಯುತ್ತಿರಲಿಲ್ಲ, ತಿಪ್ಪೆಗೂ ಎಸೆಯುತ್ತಿರಲಿಲ್ಲ. ದೇವರ ಮೇಲಿನಿಂದ ತೆಗೆದ ಹೂಪತ್ರೆಯನ್ನು ಯಾರೂ ತುಳಿಯದ ಕಡೆ, ಗಿಡದ ಬುಡದಲ್ಲಿ ಹಾಕುವುದು ಅಜ್ಜಿ ಕಲಿಸಿದ ಪದ್ಧತಿ. ಗಣಪನ ಹುಲ್ಲಿಗೂ ಅದೇ ಮರ್ಯಾದೆ ಎಂದುಕೊಂಡು ಕಿತ್ತದ್ದನ್ನೆಲ್ಲ ಭಕ್ತಿಯಿಂದ ಸೇವಂತಿಗೆಯ ಬುಡಕ್ಕೇ ಹರಡಿದೆ. ಒಂದೊಂದು ಬುಡಕ್ಕೂ ಒಂದೊಂದು ಹಿಡಿ. ಮೇಲೆ ಜಿಟಿಜಿಟಿ ಮಳೆ. ಒಂದು ವಾರದಲ್ಲಿ ತುಂಡು ತುಂಡೂ ಗಿಣ್ಣು ಗಿಣ್ಣಿನಲ್ಲಿ ಬೇರುಬಿಟ್ಟು, ಪಾತಿಗೆ ಹಸಿರು ಕಂಬಳಿ ಹೊದಿಸಿದ ಹಾಗಾಯಿತು.

ಅತ್ತೆ ಬಂದು ನೋಡಿದರು.

“ಕಳೆ ಕೀಳು ಅಂದ್ರೆ ನಾಟಿ ಮಾಡಿಟ್ಟೀಯಲ್ಲ!” ಎಂದು ಹಣೆ ಬಡಿದುಕೊಂಡರು.

ನಾನು ಅಜ್ಜಿ ಕಲಿಸಿದ್ದನ್ನು ಹೇಳಿದೆ. ಅವರಿಗೆ ಸಿಟ್ಟೂ ಬಂತು, ನಗುವೂ ಬಂತು. “ಒಣಗಿಸಿ ಬಚ್ಚಲೊಲೆಗೆ ಹಾಕು. ಬೆಂಕೀನೂ ದೇವ್ರೇ. ಅಲ್ಲಿಗೆ ಕಳಿಸಿದ್ರೆ ಯಾವ ಪಾಪಾನೂ ಬರಲ್ಲ” ಎಂದರು. ನಕ್ಕರೇನು, ಮಾತು ಮಾತ್ರ ಸಡಿಲಿಸಲಿಲ್ಲ. ಪಾತಿ ಹಸನಾಗದೆ ಪಂಚಮಿ ಇಲ್ಲ. ನಾನು ಮತ್ತೆ ಮೊದಲಿನಿಂದ ಕೂತೆ.

ಹಬ್ಬಕ್ಕೆ ಎರಡು ದಿನ ಇರುವಾಗ ಅಪ್ಪ ಕರೆಯಲು ಬಂದ. ಬೆಳಗಿನ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ನನ್ನನ್ನು ಕರೆದುಕೊಂಡು ಹೊರಡುವುದೆಂದು ಅವನ ಲೆಕ್ಕ. ಅವನ ದನಿ ಕೇಳಿದ್ದೇ ನನ್ನ ಕೈ ಕಾಲಿಗೆ ಎಲ್ಲಿಲ್ಲದ ಜೀವ ಬಂತು. ಅತ್ತೆ ಮಣೆ ಹಾಕಿದರು, ನೀರು ಕೊಟ್ಟರು, ಬೆಲ್ಲ ಕೊಟ್ಟರು. ಆಮೇಲೆ ಮೆಲ್ಲಗೆ, “ಪಾತಿ ಇನ್ನೂ ಅರ್ಧ ಐತ್ರೀ ಬೀಗ್ರೆ. ಈಗ ಬಿಟ್ರೆ ಹೂವು ಹೋದಂಗೇ. ದೀಪಾವಳಿಗೆ ಬೇಕಾದ್ರೆ ಕಳಿಸ್ತೀನಿ” ಎಂದರು.

ಅಪ್ಪ ಎದ್ದ. ಹಿತ್ತಲಿಗೆ ಹೋಗಿ ಪಾತಿ ನೋಡಿದ. ಹಬ್ಬದ ಕರೆಗೆಂದು ತೊಟ್ಟ ಅಂಗಿಯನ್ನು ಬಿಚ್ಚಿ ಬೇಲಿಯ ಮೇಲೆ ಹಾಕಿದ. ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡು ಮಣ್ಣು ಸಡಿಲ ಮಾಡುತ್ತ, ಗರಿಕೆಯ ಬೇರನ್ನು ತುಂಡಾಗದ ಹಾಗೆ ಉದ್ದಕ್ಕೆ ಎಳೆಯತೊಡಗಿದ.

ಅತ್ತೆಗೆ ಗಾಬರಿ. ಹೆಣ್ಣು ಕೊಟ್ಟ ಬೀಗರನ್ನು ಮಣ್ಣಿಗೆ ಕೂರಿಸುವುದೆಂದರೆ ಊರಲ್ಲಿ ಮುಖ ಎತ್ತಿಕೊಂಡು ತಿರುಗುವ ಹಾಗಿಲ್ಲ. ಕೆರೆಗೆ ಹೋಗುವ ಹೆಂಗಸರು ಆಗಲೇ ಬೇಲಿಯ ಆಚೆ ನಿಂತು ನೋಡುತ್ತಿದ್ದರು.

“ಏಳ್ರೀ ಬೀಗ್ರೆ, ಕೈ ಮುಗೀತೀನಿ! ಮಂದಿ ಏನಂದಾರು? ಕರ್ಕಂಡು ಹೋಗ್ರೀ ನಿಮ್ಮ ಮಗಳ್ನ, ಈಗ್ಲೇ ಹೋಗ್ರೀ!”

ನಾನು ಒಳಗೆ ಓಡಿದೆ. ಸೀರೆ ಬದಲಿಸಿ, ಬಟ್ಟೆ ಗಂಟು ಕಟ್ಟಿ, ತಲೆ ಬಾಚಿಕೊಂಡು ಬರುವಷ್ಟರಲ್ಲಿ ಅಪ್ಪ ಎದ್ದು ಕೈ ತೊಳೆದಿರುತ್ತಾನೆ ಎಂದುಕೊಂಡಿದ್ದೆ. ಅವನು ಕೂತೇ ಇದ್ದ.

“ಅಪ್ಪಾ, ಬಸ್ಸಿನ ಹೊತ್ತಾತು.”

“ಆಗ್ಲಿ.”

“ಅತ್ತೆ ಹೋಗು ಅಂದ್ರು.”

“ಕೇಳ್ತು. ಇದು ಮುಗೀಲಿ.”

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ನಾನು ಅಳು ತಡೆಯಲಾರದೆ ಹೆಜ್ಜೆ ಅಪ್ಪಳಿಸುತ್ತ ಬೇಲಿಯವರೆಗೆ ಹೋದೆ, ಬಂದೆ. ಬಸ್ಸು ಊರ ಬಾಗಿಲಲ್ಲಿ ನಿಂತು ಹೊರಟದ್ದೂ ಕೇಳಿಸಿತು. ಕೈಯಲ್ಲಿದ್ದ ಗಂಟನ್ನು ಜಗಲಿಗೆ ಎಸೆದೆ. ಮಗಳಿಗಿಂತ ಹುಲ್ಲೇ ಹೆಚ್ಚಾಯಿತೇ ನಿನಗೆ ಎಂದು ಕೇಳಿಯೇಬಿಟ್ಟೆ. ಅಪ್ಪನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಅಪ್ಪ ತಲೆ ಎತ್ತಲಿಲ್ಲ. ಒಂದು ಬೇರನ್ನು ಸುರುಳಿ ಸುತ್ತಿ ಪಕ್ಕಕ್ಕೆ ಇಟ್ಟ.

“ಅರ್ಧ ಬಿಟ್ಟು ಹೋದ್ರೆ ನಾಳೆ ಇದು ಮತ್ತೆ ಎದ್ಕಣ್ತದೆ ಮಗಾ. ಆಗ ಅವ್ರು ಅನ್ನೋ ಮಾತು ಕೇಳೋಳು ನೀನು. ನಾನು ಹಬ್ಬ ಮಾಡ್ಕಂಡು ನಮ್ಮನೇಲಿ ಇರ್ತೀನಿ. ಇಲ್ಲಿ ಬಾಳೋಳು ನೀನು.”

ನಾನು ಒಳಗೆ ಹೋಗಿ ಹಳೆಯ ಸೀರೆ ಉಟ್ಟು ಬಂದು ಅವನ ಪಕ್ಕದಲ್ಲಿ ಕೂತೆ. ಅವನು ಹಾರೆಯಿಂದ ಮಣ್ಣೆತ್ತುವುದು, ನಾನು ಬೇರು ಎಳೆಯುವುದು. ತವರಲ್ಲಿ ಇದ್ದಷ್ಟು ವರ್ಷ ನಾನು ಅಪ್ಪನ ಪಕ್ಕದಲ್ಲಿ ಅಷ್ಟು ಹೊತ್ತು ಕೂತವಳಲ್ಲ. ಅವನು ಗದ್ದೆಯಲ್ಲಿ, ನಾನು ಒಲೆಯ ಮುಂದೆ. ಅವ್ವನ ಮಂಡಿನೋವು, ಎಮ್ಮೆ ಕರು ಹಾಕಿದ್ದು, ಅಣ್ಣನಿಗೆ ಹೆಣ್ಣು ನೋಡಿದ್ದು, ಎಲ್ಲವನ್ನೂ ಅವನು ಅಲ್ಲೇ ಹೇಳಿದ. ಅತ್ತೆ ನಾಚಿಕೆಯಿಂದಲೋ ಏನೋ ತಾವೂ ಬಂದು ಆಚೆಯ ಕೊನೆಯಿಂದ ಕೀಳತೊಡಗಿದರು. ದೀಪ ಹಚ್ಚುವ ಹೊತ್ತಿಗೆ ಪಾತಿ ಕಪ್ಪಗೆ, ಚೊಕ್ಕವಾಗಿ ಉಳಿಯಿತು. ಅಂಥ ಚೊಕ್ಕ ಪಾತಿಯನ್ನು ಆಮೇಲೆ ನಾನೂ ಮಾಡಿಲ್ಲ.

ಮರುದಿನ ನಸುಕಿಗೇ ಹೊರಟೆವು. ಅತ್ತೆ ದಾರಿಗೆ ಬುತ್ತಿ ಕಟ್ಟಿದರು, ಮುಡಿಗೆ ತಮ್ಮ ಕೈಯಾರೆ ಕನಕಾಂಬರ ಮುಡಿಸಿದರು. ಬಸ್ಸಿನಲ್ಲಿ ಅಪ್ಪ ಪೂರ್ತಿ ದಾರಿ ನಿದ್ದೆ ಮಾಡಿದ. ನಾನು ಒಂದೊಂದು ಊರನ್ನೂ ಬಾಯಲ್ಲೇ ಹೇಳಿಕೊಳ್ಳುತ್ತ ಕೂತಿದ್ದೆ. ಆನವಟ್ಟಿ ಬಂತು, ಹಳ್ಳ ಬಂತು, ನಮ್ಮ ಮನೆಯ ಹೆಂಚು ಕಂಡಿತು. ಅಂಗಳದಲ್ಲಿ ಜೋಕಾಲಿಯ ಹಗ್ಗ ನೋಡಿ ನಾನು ಅಪ್ಪನನ್ನು ಹಿಂದೆ ಬಿಟ್ಟು ಓಡಿದೆ.

ಅವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನನ್ನ ಕೆನ್ನೆ ಸವರಿದಳು. ಖುಷಿಗೆ ಅವಳ ಕಣ್ಣು ತುಂಬಿಕೊಂಡಿತ್ತು. ಆಮೇಲೆ, ಎಲ್ಲ ತಾಯಂದಿರೂ ಕೇಳುವುದನ್ನೇ ಕೇಳಿದಳು.

“ಎಷ್ಟು ದಿನಕ್ಕೆ ಕಳಿಸಿದಾರೆ?”

ನಾನು ಲೆಕ್ಕ ಹೇಳಿದೆ. ಹೇಳಿ, ಹೊರಗಿನಿಂದ ಬಂದ ನೆಂಟರ ಹಾಗೆ, ಕಾಲು ತೊಳೆಯಲು ನೀರು ಎಲ್ಲಿದೆ ಎಂದು ಹುಡುಕಿದೆ.